ಮೇಸ್ತ್ರಿ ನೋಡಿದ ಆರು ಗಿಡ

ಊರ ನಡುವಿನ ಉದ್ಯಾನದಲ್ಲಿ ಮೂವತ್ತೊಂದು ವರ್ಷದಿಂದ ಗಿಡ ಕತ್ತರಿಸುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ಹೆಸರು ಸಂಬಳದ ಪಟ್ಟಿಯಲ್ಲಿ ಇತ್ತಷ್ಟೆ, ಯಾರ ಬಾಯಲ್ಲೂ ಇರಲಿಲ್ಲ. ಸಣ್ಣೆಲೆಯ ಬೇಲಿಗಿಡಗಳನ್ನು ಕತ್ತರಿಸಿ ಪ್ರಾಣಿಗಳ ರೂಪಕ್ಕೆ ತರುವುದು ಅವರ ಕೆಲಸ. ಆನೆ, ಒಂಟೆ, ಮೊಲ, ಬಾತುಕೋಳಿ, ಆಮೆ ಎಲ್ಲ ಸೇರಿ ಹನ್ನೊಂದು ಪ್ರಾಣಿಗಳಿದ್ದವು. ನಡುನಡುವೆ ಮೊಣಕಾಲೆತ್ತರದ ಬೇಲಿ. ಮಕ್ಕಳು ಆನೆಯ ಕಾಲಡಿ ನುಸುಳುತ್ತಿದ್ದರು, ಹೊಸದಾಗಿ ಮದುವೆಯಾದವರು ಒಂಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಊರಿಗೆ ಬಂದವರು ಬೇರೇನೂ ನೋಡದಿದ್ದರೂ ಇದೊಂದನ್ನು ನೋಡದೆ ಹೋಗುತ್ತಿರಲಿಲ್ಲ.

ಮೇಸ್ತ್ರಿಯ ಕಣ್ಣು ಮಸುಕಾಗತೊಡಗಿ ಎರಡು ವರ್ಷವಾಗಿತ್ತು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಕಿಟಕಿಯ ಗಾಜಿನ ಮೇಲೆ ಸೋಪಿನ ನೀರು ಬಿದ್ದು ಒಣಗಿದ ಹಾಗೆ ಎದುರಿಗಿದ್ದದ್ದೆಲ್ಲ ಬೆಳ್ಳಗೆ ಕದಡಿ ಕಾಣುತ್ತಿತ್ತು. ಆದರೂ ಉದ್ಯಾನದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಆನೆಯ ಬೆನ್ನು ಎಲ್ಲಿ ಇಳಿಯುತ್ತದೆ, ಒಂಟೆಯ ಕತ್ತು ಎಲ್ಲಿ ಬಾಗುತ್ತದೆ ಎನ್ನುವುದೆಲ್ಲ ಅವರ ಕೈಗೆ ಬಾಯಿಪಾಠವಾಗಿತ್ತು. ಅಂಗೈಯಲ್ಲಿ ಒಮ್ಮೆ ಸವರುವರು, ಆಮೇಲೆ ಎರಡೂ ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ಕಚಕಚನೆ ಓಡಿಸುವರು. ನೋಡಿದವರು ಅನುಭವ ಅಂದರೆ ಇದಪ್ಪಾ ಎಂದು ತಲೆದೂಗುತ್ತಿದ್ದರು.

ಮನೆಯಲ್ಲಿ ಮಾತ್ರ ಹೆಂಡತಿಗೆ ಗುಮಾನಿ ಇತ್ತು. ಅವರು ದರ್ಜಿ ಅಂಗಡಿಯೊಂದಕ್ಕೆ ಗುಂಡಿ ಹಚ್ಚಿ, ಅಂಚು ಹೊಲಿದು ಕೊಡುತ್ತಿದ್ದರು. ಕೆಲಸಕ್ಕೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟು ಹೋಗುವುದು ಮೇಸ್ತ್ರಿಯ ರೂಢಿ. ಒಂದು ದಿನ ಹತ್ತರಲ್ಲಿ ನಾಲ್ಕು ಬರಿದಾಗಿದ್ದವು. ಇನ್ನೊಂದು ದಿನ ಹತ್ತೂ ಬರಿದು.

“ಕಣ್ಣು ತೋರಿಸಿಕೊಂಡು ಬರಬಾರದಾ ರೀ?”

“ಬೆಳಕು ಸರಿ ಇರಲಿಲ್ಲ ಕಣೇ. ಅದಕ್ಕೆ ಡಾಕ್ಟರು ಯಾಕೆ?”

ಮೇಸ್ತ್ರಿ ವೈದ್ಯರ ಹತ್ತಿರ ಹೋಗದಿರುವುದಕ್ಕೆ ಕಾರಣವಿತ್ತು. ಅವರ ಅಪ್ಪನೂ ಐವತ್ತರ ಗಡಿ ದಾಟಿದ ಮೇಲೆ ಕಣ್ಣು ಕಳೆದುಕೊಂಡವನು. ವೈದ್ಯರು ನೋಡಿ, ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದಿದ್ದರು. ಆಮೇಲೆ ಅಪ್ಪ ಒಂಬತ್ತು ವರ್ಷ ಅಡುಗೆಮನೆಯ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂತೇ ಕಳೆದಿದ್ದ. ತಟ್ಟೆ ಇಟ್ಟರೆ ಊಟ, ಎಬ್ಬಿಸಿದರೆ ನಡೆ. ಅದೇ ಮಾತನ್ನು ವೈದ್ಯರ ಬಾಯಿಂದ ತಾನೂ ಕೇಳಬೇಕಾದೀತು ಎಂಬ ಹೆದರಿಕೆ ಮೇಸ್ತ್ರಿಗೆ. ಕೇಳುವವರೆಗಾದರೂ ಅದು ನಿಜವಲ್ಲ ಎಂಬ ಒಂದು ಹುಚ್ಚು ಧೈರ್ಯ.

ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದವರಲ್ಲಿ ಚುರುಕಾದವಳು ಒಬ್ಬ ಹೆಂಗಸು. ಮೂವತ್ತರ ಆಸುಪಾಸು, ಒಂದು ಮಗುವಿನ ತಾಯಿ. ಕೆಲಸ ಮಾಡುತ್ತಾ ಸಿಳ್ಳೆ ಹಾಕುವ ಚಾಳಿ ಇದ್ದದ್ದರಿಂದ ಅವಳ ಹೆಸರೇ ಸಿಳ್ಳೆ ಆಗಿತ್ತು. ವರ್ಷ ವರ್ಷಕ್ಕೆ ಕಾಗದ ನವೀಕರಿಸುವ ತಾತ್ಕಾಲಿಕ ಕೆಲಸ ಅವಳದು. ಮೂರು ವರ್ಷ ಮುಗಿದಿತ್ತು, ಈ ಬೇಸಿಗೆಯ ಕೊನೆಗೆ ಕಾಯಂ ಮಾಡುವ ಮಾತಿತ್ತು.

ಚಳಿ ಇಳಿಯುತ್ತಿದ್ದ ಹೊತ್ತು. ಹಿಮ ಬಿದ್ದು ಆಮೆಯ ಬೆನ್ನಿನಲ್ಲಿ ಒಂದು ಕಡೆ ಗಿಡ ಒಣಗಿ, ಹೆಂಚು ಹಾರಿದ ಮನೆಯ ಹಾಗೆ ಬೋಳಾಗಿತ್ತು. ಅದನ್ನು ತುಂಬಲು ಊರಾಚೆಯ ನರ್ಸರಿಯಿಂದ ಆರು ಗಿಡ ತರಿಸಿದ್ದರು. ಸಿಳ್ಳೆ ಅವನ್ನು ತಳ್ಳುಗಾಡಿಯಲ್ಲಿ ತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದಳು.

ಹೊರಗಿನಿಂದ ಯಾವ ಗಿಡ ಬಂದರೂ ಮೂರು ವಾರ ಹಿಂದಿನ ಶೆಡ್ಡಿನಲ್ಲಿ ಬೇರೆ ಇಡಬೇಕು, ದಿನಾ ಎಲೆ ಮಗುಚಿ ನೋಡಬೇಕು ಎಂಬ ನಿಯಮ ಮಾಡಿದವರೇ ಮೇಸ್ತ್ರಿ. ಅಂಥ ಗಿಡಗಳಲ್ಲಿ ಪತಂಗದ ಮರಿಹುಳು ಅಡಗಿ ಬರುವುದುಂಟು. ಉಗುರಿನ ಬಿಳಿಯಷ್ಟೇ ದೊಡ್ಡ ಹುಳು ಎರಡು ಎಲೆಯನ್ನು ನೂಲಿನಿಂದ ಅಂಟಿಸಿಕೊಂಡು, ನಡುವೆ ಹಾಸಿಗೆ ಹೊದ್ದವರಂತೆ ಮಲಗಿ ಚಳಿಗಾಲ ಕಳೆಯುತ್ತದೆ. ಬಿಸಿಲು ಕಂಡೊಡನೆ ಎದ್ದು ತಿನ್ನಲು ಶುರು ಮಾಡುತ್ತದೆ.

ಮೇಸ್ತ್ರಿ ಮೊದಲ ಗಿಡವನ್ನು ಕೈಗೆತ್ತಿಕೊಂಡು ಮುಖದ ಹತ್ತಿರ ಹಿಡಿದರು. ಹಸಿರು ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆರಳಾಡಿಸಿದರು. ಎಲೆ ಎಲೆಗೆ ಅಂಟಿದೆಯೋ, ಒತ್ತಾಗಿ ಬೆಳೆದಿದೆಯೋ, ತಿಳಿಯಲಿಲ್ಲ. ಸಿಳ್ಳೆ ಎದುರಿಗೇ ನಿಂತಿದ್ದಳು. ಮೂರು ವಾರ ಶೆಡ್ಡಿನಲ್ಲಿ ಇಟ್ಟರೆ ದಿನಾ ಇವಳ ಮುಂದೆ ಹೀಗೇ ನೋಡಿದ ಹಾಗೆ ನಟಿಸಬೇಕು. ಅವರು ಗಿಡವನ್ನು ತಳ್ಳುಗಾಡಿಯಲ್ಲಿ ತಿರುಗಿ ಇಟ್ಟರು.

“ಚೆನ್ನಾಗಿವೆ,” ಎಂದರು. “ನೆಟ್ಟುಬಿಡು.”

“ಶೆಡ್ಡಿಗೆ ಬೇಡ್ವಾ?”

“ನಾನು ನೋಡಿದೆನಲ್ಲಮ್ಮಾ.”

ಅವಳು ನೆಟ್ಟಳು.

ಮುಂದಿನ ಐದು ವಾರ ಆಮೆ ಹೊರಗಿನಿಂದ ಹಸಿರಾಗಿಯೇ ಇತ್ತು. ಈ ಹುಳುವಿನ ಬುದ್ಧಿಯೇ ಹಾಗೆ. ಮೊದಲು ಗಿಡದ ಹೊಟ್ಟೆಯೊಳಗಿನ ಎಲೆಗೆ ಬಾಯಿ ಹಾಕುತ್ತದೆ, ಹೊರಗಿನ ಅಂಗಿ ಕೊನೆಗೆ. ಮೇಸ್ತ್ರಿ ಒಂದು ಬೆಳಿಗ್ಗೆ ಆಮೆಯ ಬೆನ್ನು ಸವರಿದಾಗ ಕೈಗೆ ಜೇಡರ ಬಲೆಯಂಥದ್ದು ಅಂಟಿತು. ಬೆರಳ ಸಂದಿಯಲ್ಲಿ ರವೆಯಂಥ ಕಾಳು. ಹುಳುವಿನ ಹಿಕ್ಕೆ ಇರಬಹುದೇ? ಯಾರನ್ನಾದರೂ ಕರೆದು ಇದೇನು ನೋಡು ಎನ್ನಬಹುದಿತ್ತು. ನಿಮಗೇ ಕಾಣಲ್ವಾ ಎಂದು ತಿರುಗಿ ಕೇಳಿದರೆ? ಮೇಸ್ತ್ರಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮರಳು ಎಂದುಕೊಂಡರು.

ಕೊನೆಗೆ ಕಂಡುಹಿಡಿದವರು ದಿನಾ ಬೆಂಚಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಒಬ್ಬ ಅಜ್ಜಿ. “ನಿಮ್ಮ ಆಮೆಗೆ ಕಜ್ಜಿ ಹತ್ತಿದೆಯಲ್ಲಪ್ಪಾ,” ಎಂದು ಕಚೇರಿಯ ಬಾಗಿಲಲ್ಲೇ ನಿಂತು ಕೂಗಿದರು.

ಉದ್ಯಾನದ ಅಧಿಕಾರಿ ಬಂದರು. ನಲವತ್ತೈದರ ಹೆಂಗಸು, ಈ ಊರಿಗೆ ವರ್ಗವಾಗಿ ಬಂದು ಒಂದು ವರ್ಷ. ಮಾತು ಕಡಿಮೆ. ಎರಡೂ ಕೈಯಿಂದ ಆಮೆಯ ಬೆನ್ನನ್ನು ಬಿಡಿಸಿದರು. ಒಳಗೆ ಎಲೆಯೇ ಇರಲಿಲ್ಲ. ಬರೀ ಕಡ್ಡಿ, ಕಡ್ಡಿಗೆ ಕೊಳೆ ಹಿಡಿದ ನೂಲು, ನೂಲಿನ ತುಂಬ ಹುಳು. ಹಸಿರು ಮೈ, ಉದ್ದಕ್ಕೆ ಕಪ್ಪು ಗೆರೆ, ಹೊಳೆಯುವ ಕಪ್ಪು ತಲೆ, ಕಿರುಬೆರಳ ಉದ್ದ. ಕೆಲವು ಆಗಲೇ ತಿಂದು ಮುಗಿಸಿ ಎಲೆ ಸುತ್ತಿಕೊಂಡು ಕೋಶದೊಳಗೆ ಹೋಗಿದ್ದವು. ಕೆಲಸದವರೆಲ್ಲ ಸುತ್ತ ನೆರೆದಿದ್ದರು. ಯಾರೋ ಅಬ್ಬಬ್ಬಾ ಎಂದರು. ಮೇಸ್ತ್ರಿಗೆ ಕಾಣುತ್ತಿದ್ದದ್ದು ಮಂಜಿನೊಳಗೆ ಒಂದು ಕಂದು ಮಚ್ಚೆ ಮಾತ್ರ. ಆದರೆ ಕೇಳಿಸುತ್ತಿತ್ತು. ನೂರಾರು ಬಾಯಿ ಎಲೆ ಕೊರೆಯುವ ಸಣ್ಣ ಚರಚರ ಸದ್ದು.

“ಹೊಸ ಗಿಡದ ಸುತ್ತಲೇ ಜಾಸ್ತಿ ಇವೆ,” ಎಂದರು ಅಧಿಕಾರಿ. “ಇವನ್ನ ನೆಟ್ಟಿದ್ದು ಯಾರು?”

“ನಾನು ಮೇಡಂ,” ಎಂದಳು ಸಿಳ್ಳೆ.

“ಮೂರು ವಾರ ಶೆಡ್ಡಲ್ಲಿ ಇಟ್ಟಿದ್ರಾ?”

“ಇಲ್ಲ. ಮೇಸ್ತ್ರಿ ನೋಡಿದ್ರು. ಚೆನ್ನಾಗಿವೆ, ನೆಟ್ಟುಬಿಡು ಅಂದ್ರು.”

ಅಧಿಕಾರಿ ತಿರುಗಿದರು. “ಹೌದಾ ಮೇಸ್ತ್ರಿ?”

ಎಲ್ಲರೂ ತಮ್ಮತ್ತಲೇ ನೋಡುತ್ತಿದ್ದಾರೆ ಎಂಬುದು ಮೇಸ್ತ್ರಿಗೆ ನೋಡದೆಯೂ ತಿಳಿಯಿತು. ಹೌದು ಎಂದರೆ ಮುಂದಿನ ಪ್ರಶ್ನೆ ಒಂದೇ. ನಿಮ್ಮಂಥವರು ನೋಡಿಯೂ ಹೇಗೆ ತಪ್ಪಿತು? ಅದಕ್ಕೆ ಅವರ ಹತ್ತಿರ ಇದ್ದದ್ದೂ ಒಂದೇ ಉತ್ತರ.

“ನನಗೆ... ಸರಿಯಾಗಿ ನೆನಪಿಲ್ಲ ಮೇಡಂ. ಆಗ ಕೆಲಸ ಬಹಳ ಇತ್ತು.”

ಸಿಳ್ಳೆ ಒಂದು ಹೆಜ್ಜೆ ಮುಂದೆ ಬಂದಳು. “ನೆನಪಿಲ್ವಾ? ಮೇಸ್ತ್ರೀ, ಕೈಯಲ್ಲಿ ಎತ್ತಿ ಮುಖದ ಹತ್ರ ಹಿಡಿದು ನೋಡಿದ್ರಲ್ಲ! ನಾನು ಶೆಡ್ಡಿಗೆ ಬೇಡ್ವಾ ಅಂತ ಕೇಳಿದ್ದೂ ನೆನಪಿಲ್ವಾ?”

ಮೂವತ್ತೊಂದು ವರ್ಷದ ಹೆಸರೊಂದು ಕಡೆ, ಮೂರು ವರ್ಷದ ತಾತ್ಕಾಲಿಕದವಳ ಮಾತೊಂದು ಕಡೆ. ತಕ್ಕಡಿ ಯಾವ ಕಡೆ ಇಳಿಯುತ್ತದೆಂದು ಅಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ಅಧಿಕಾರಿ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಸಿಳ್ಳೆ ಲಿಖಿತ ಉತ್ತರ ಕೊಡಬೇಕು, ಅದಾದ ಮೇಲೆ ಅವಳ ಕೆಲಸ ಮುಂದುವರಿಸುವುದೋ ಬೇಡವೋ ತೀರ್ಮಾನ ಎಂದರು.

ಎಲ್ಲರೂ ಚದುರಿದ ಮೇಲೆ ಅವಳು ಮೇಸ್ತ್ರಿಯ ಎದುರು ಬಂದು ನಿಂತಳು. “ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೋಗಿ ಹೇಳೋದು ಮೇಸ್ತ್ರೀ? ನನ್ನ ಜಾಗಕ್ಕೆ ಯಾರನ್ನ ತರೋಕೆ ಹೊರಟಿದ್ದೀರಿ? ಹೇಳಿಬಿಡಿ, ನಾನೇ ಹೋಗ್ತೀನಿ.”

ಅವಳು ಹಾಗೆ ತಿಳಿದುಕೊಂಡಿದ್ದಾಳೆಂದು ಮೇಸ್ತ್ರಿಗೆ ಗೊತ್ತಾದದ್ದೇ ಆಗ. ಆದರೂ ಅವರು ಕತ್ತರಿ ಎತ್ತಿಕೊಂಡು ಒಂಟೆಯ ಕಡೆ ತಿರುಗಿದರು. ಅವಳು ಬಕೆಟ್ ಎತ್ತಿಕೊಂಡು ಹೋದಳು. ಆ ದಿನದಿಂದ ಉದ್ಯಾನದಲ್ಲಿ ಸಿಳ್ಳೆಯ ಸದ್ದು ನಿಂತಿತು.

ಆಮೆಯನ್ನು ಬುಡಸಮೇತ ಕಿತ್ತು ಸುಟ್ಟರು. ಅದರಿಂದ ಪೀಡೆ ತೊಲಗಲಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಮೇಸ್ತ್ರಿಗೆ. ದೊಡ್ಡ ಹುಳುಗಳಲ್ಲಿ ಎಷ್ಟೋ ಆಗಲೇ ಬೇಲಿ ಹಿಡಿದು ಆನೆಯ ಕಡೆಗೆ ಹರಿದಿದ್ದವು. ಅಧಿಕಾರಿಯ ಕೋಣೆಯಲ್ಲಿ ನಿಂತು ಅವರು ಲೆಕ್ಕ ಒಪ್ಪಿಸಿದರು.

“ಈಗ ಕೋಶದಲ್ಲಿವೆ ಮೇಡಂ. ಎರಡು ವಾರಕ್ಕೆ ಪತಂಗ ಆಗಿ ಹೊರಗೆ ಬರ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ, ಎಲೆಯ ಕೆಳಗೆ. ಮೂರು ನಾಲ್ಕು ದಿನಕ್ಕೆ ಮರಿ. ಆ ಸಲ ತಿನ್ನೋದು ಈ ಸಲದ ಹತ್ತರಷ್ಟು. ಎಲೆ ಮುಗಿದ್ರೆ ತೊಗಟೆಗೂ ಬಾಯಿ ಹಾಕ್ತವೆ. ತೊಗಟೆ ಹೋದ್ರೆ ಗಿಡ ಮತ್ತೆ ಚಿಗುರಲ್ಲ.”

“ಹಾಗಾದ್ರೆ ಈಗಲೇ ಹತ್ತೂ ಪ್ರಾಣೀನ ಕಡಿದು ಸುಡೋದು ವಾಸಿ ಅಲ್ವಾ?”

“ಬೇಡ ಮೇಡಂ. ಮೊಟ್ಟೆ ಇಟ್ಟದ್ದು ಎಲ್ಲಿ ಅಂತ ಸಮಯಕ್ಕೆ ಸರಿಯಾಗಿ ಕಂಡುಹಿಡಿದ್ರೆ ಉಳಿಸ್ಕೋಬಹುದು. ಎಲೆ ಎಲೆ ಮಗುಚಿ ನೋಡಬೇಕು. ಮರಿ ಒಡೆದ ಕೂಡಲೇ ಹುಳು ಕೊಲ್ಲೋ ಪುಡಿ ಕಲಸಿದ ನೀರು ಹೊಡೀಬೇಕು. ಹುಳು ಸಣ್ಣದಿದ್ದಾಗ ಹೊಡೆದ್ರೆ ಸಾಯುತ್ತೆ. ದೊಡ್ಡದಾದ ಮೇಲೆ ಹೊಡೆದ್ರೆ ಅರ್ಧ ಸಾಯ್ತವೆ, ಅರ್ಧ ನಮ್ಮನ್ನ ನೋಡಿ ನಗ್ತವೆ.”

ಅಧಿಕಾರಿ ನಗಲಿಲ್ಲ. “ಒಂದೇ ಒಂದು ಸಾಲಲ್ಲಿ ಹುಳು ಕೈಮೀರಿದ್ರೂ ಪೂರ್ತಿ ಕಡಿಸ್ತೀನಿ. ಪಕ್ಕದ ಮನೆಗಳ ತೋಟಕ್ಕೆಲ್ಲ ಇಲ್ಲಿಂದ ಹಬ್ಬಿತು ಅನ್ನೋ ಮಾತು ನನಗೆ ಬೇಡ.” ಆಮೇಲೆ ಕೇಳಿದರು. “ಆ ಹುಡುಗಿ ವಿಷಯ. ನಿಮಗೆ ಇನ್ನೂ ಏನಾದ್ರೂ ಹೇಳೋದಿದೆಯಾ?”

ಬಾಗಿಲ ಹಿಡಿಯ ಮೇಲೆ ಮೇಸ್ತ್ರಿಯ ಕೈ ನಿಂತಿತು. “ಇಲ್ಲ ಮೇಡಂ,” ಎಂದು ಹೊರಗೆ ಬಂದರು.

ಆ ಎರಡು ವಾರ ಅವರಿಗೆ ಅನ್ನ ರುಚಿಸಲಿಲ್ಲ. ಹೆಂಡತಿ ಕೇಳಿ ಕೇಳಿ ಕೊನೆಗೊಂದು ಭಾನುವಾರ ಹೊಲಿಗೆ ಪಕ್ಕಕ್ಕಿಟ್ಟು ಎದುರಿಗೆ ಕೂತರು. ಮೇಸ್ತ್ರಿ ಎಲ್ಲವನ್ನೂ ಹೇಳಿದರು. ಹೆಂಡತಿ ಬಯ್ಯಲಿಲ್ಲ, ಅಳಲಿಲ್ಲ.

“ನೀವು ನಿಮ್ಮ ಅಪ್ಪನ ಸ್ಟೂಲಿಗೆ ಹೆದರ್ತಿದ್ದೀರಿ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ಅದಕ್ಕೆ ಬದಲು ಆ ಹೆಣ್ಣುಮಗಳನ್ನ ಬೀದಿಯಲ್ಲಿ ಕೂರಿಸೋದು ಯಾವ ನ್ಯಾಯ ರೀ?”

“ನನ್ನ ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಅಷ್ಟರವರೆಗೆ...”

“ಅಷ್ಟರವರೆಗೆ ಅವಳ ಗತಿ?”

ಮೇಸ್ತ್ರಿ ನಾಳೆ ಹೇಳುತ್ತೇನೆ ಎಂದರು. ನಾಳೆ ಬಂತು, ಹೋಯಿತು. ಅದರ ಮಾರನೆಯ ದಿನವೂ ಹೋಯಿತು. ಹೆಂಡತಿ ಬಡಿಸುವುದು ನಿಲ್ಲಿಸಲಿಲ್ಲ, ಮಾತು ಮಾತ್ರ ನಿಲ್ಲಿಸಿದರು.

ಬೇಸಿಗೆಯ ಮೊದಲ ಬಿಸಿ ಸಂಜೆ ಪತಂಗಗಳು ಎದ್ದವು. ಬಿಳಿ ರೆಕ್ಕೆ, ಸುತ್ತಲೂ ಕಂದು ಅಂಚು, ಸೀರೆಗೆ ಅಂಚು ಹೊಲಿದ ಹಾಗೆ. ಬಾಗಿಲು ಮುಚ್ಚುವ ಹೊತ್ತಿಗೆ ಆನೆಯ ಸುತ್ತ, ದೀಪದ ಕಂಬದ ಸುತ್ತ ಹಾರಾಡುತ್ತಿದ್ದವು. ನಡೆದುಹೋಗುತ್ತಿದ್ದವರು ಎಷ್ಟು ಚಂದ ಎನ್ನುತ್ತಿದ್ದರು. ಮೇಸ್ತ್ರಿಯ ಮಂಜಿನಲ್ಲೂ ಆ ಬಿಳುಪು ಅಲ್ಲಾಡುವುದು ಕಂಡಿತು. ಅಷ್ಟೊಂದು ಕಾಣಬೇಕಾದರೆ ಎಷ್ಟಿರಬೇಕು ಎಂದು ಅವರು ಲೆಕ್ಕ ಹಾಕಿದರು.

ಮಾರನೆಯ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೆ ಒಂದೊಂದು ಸಾಲು. ಎಲ್ಲಕ್ಕಿಂತ ದೊಡ್ಡದಾದ ಆನೆಯ ಸಾಲು ಮೇಸ್ತ್ರಿಗೆ, ಪಕ್ಕದ ಮೊಲದ ಸಾಲು ಸಿಳ್ಳೆಗೆ. ಹತ್ತು ಗಂಟೆಗೆ ಅಧಿಕಾರಿ ಪುಸ್ತಕ ಹಿಡಿದು ಬರುವರು. ಆನೆ? ಏನಿಲ್ಲ ಮೇಡಂ. ಒಂಟೆ? ಏನಿಲ್ಲ. ಮೊಲ? ಏನಿಲ್ಲ. ಮೊದಲ ದಿನ ಹಾಗಾಯಿತು, ಎರಡನೆಯ ದಿನವೂ. ಮೇಸ್ತ್ರಿ ಹೇಳಿದ ಎರಡು ‘ಏನಿಲ್ಲ’ಗಳೂ ಆರು ಗಿಡಕ್ಕೆ ಹೇಳಿದ ‘ಚೆನ್ನಾಗಿವೆ’ಯಂಥವೇ ಆಗಿದ್ದವು.

ಮೂರನೆಯ ದಿನ ಎಂಟೂವರೆಗೆ ಮೊಲದ ಸಾಲಿನಿಂದ ಸಿಳ್ಳೆ ಕೂಗಿದಳು. ಮೊಟ್ಟೆ ಸಿಕ್ಕಿತ್ತು. ಎಲೆಯ ಕೆಳಗೆ ತೆಳು ಹಳದಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜೋಡಿಸಿದ್ದು. ಅಂಥ ಐದು ಎಲೆ. ಮೊಲದಲ್ಲಿ ಐದು ಇದ್ದರೆ ಆನೆಯಲ್ಲಿ ಐವತ್ತು ಇರಲೇಬೇಕು, ಏಕೆಂದರೆ ಹಾರಾಟವೆಲ್ಲ ಅಲ್ಲೇ ಇತ್ತು.

ಮೇಸ್ತ್ರಿ ಆನೆಯ ಹೊಟ್ಟೆಯಡಿ ಕೂತು ಎಲೆಗಳ ಕೆಳಗೆ ಬೆರಳಾಡಿಸಿದರು. ಮೂವತ್ತೊಂದು ವರ್ಷದ ಕತ್ತರಿಯ ಹಿಡಿಯಿಂದ ಜಡ್ಡುಗಟ್ಟಿದ ಬೆರಳು. ಮೊಟ್ಟೆಯ ಪದರ ಕಾಗದಕ್ಕಿಂತ ತೆಳ್ಳಗಿರುತ್ತದೆ, ಬೆರಳಿಗೆ ತಿಳಿಯದು. ಒಂದು ಎಲೆ ಕಿತ್ತು ಕೆಳತುಟಿಗೆ ತಾಗಿಸಿದರು. ತುಟಿಯ ತೊಗಲು ಇನ್ನೂ ಮೆದುವಾಗಿತ್ತು. ನುಣುಪು. ಇನ್ನೊಂದು ಎಲೆ. ನುಣುಪು. ಏಳನೆಯದರಲ್ಲಿ ಗೋಂದು ಹಚ್ಚಿ ಒಣಗಿಸಿದಂತೆ ಏನೋ ಒರಟು. ಮೊಟ್ಟೆಯೋ, ಹಕ್ಕಿಯ ಹಿಕ್ಕೆಯೋ? ಸಾವಿರಾರು ಎಲೆಗಳಿದ್ದವು. ಅವರು ಹುಚ್ಚು ಹಿಡಿದವರಂತೆ ಕಿತ್ತು ಕಿತ್ತು ತುಟಿಗೆ ಒತ್ತತೊಡಗಿದರು.

“ಏನ್ ಮೇಸ್ತ್ರೀ, ಹುಳಕ್ಕೆ ಬಿಡಬಾರ್ದು ಅಂತ ನೀವೇ ತಿಂದು ಮುಗಿಸ್ತಿದ್ದೀರಾ?”

ಸಿಳ್ಳೆ ಬೇಲಿಯಾಚೆ ನಿಂತಿದ್ದಳು. ದನಿಯಲ್ಲಿ ನಗೆ ಇರಲಿಲ್ಲ. ಅಷ್ಟರಲ್ಲಿ ಅಧಿಕಾರಿಯ ಹೆಜ್ಜೆ ಸದ್ದು ಕೇಳಿಸಿತು. ಮೊಲದಲ್ಲಿ ಸಿಕ್ಕ ಸುದ್ದಿ ತಿಳಿದು ಅವರು ಬೇಗನೆ ಬಂದಿದ್ದರು. ಹಿಂದೆ ಉಳಿದ ಕೆಲಸಗಾರರು.

“ಆನೆ ಸಾಲು, ಮೇಸ್ತ್ರಿ?”

‘ಏ’ ಎಂಬ ಅಕ್ಷರ ಬಾಯಿಗೆ ಬಂದೇಬಿಟ್ಟಿತ್ತು. ಅದನ್ನು ಅಂದರೆ ನಾಳೆ ಮರಿ ಒಡೆಯುತ್ತದೆ, ವಾರದಲ್ಲಿ ಆನೆ ಬೋಳಾಗುತ್ತದೆ, ಹತ್ತನ್ನೂ ಕಡಿಯುತ್ತಾರೆ.

“ಗೊತ್ತಿಲ್ಲ ಮೇಡಂ,” ಎಂದರು ಮೇಸ್ತ್ರಿ.

“ಗೊತ್ತಿಲ್ಲ ಅಂದ್ರೆ?”

“ನನಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ನಿನ್ನೆ ಮೊನ್ನೆ ಏನಿಲ್ಲ ಅಂದದ್ದು ಸುಳ್ಳು. ಆ ಆರು ಗಿಡವನ್ನ ನೋಡಿದ್ದು ನಾನೇ. ನೋಡಿದ್ದಲ್ಲ, ನೋಡಿದೆ ಅಂದಿದ್ದು. ಇವಳು ಶೆಡ್ಡಿಗೆ ಬೇಡ್ವಾ ಅಂತ ಕೇಳಿದ್ಲು. ಬೇಡ ಅಂದವನು ನಾನು. ನೆನಪಿಲ್ಲ ಅಂದೆನಲ್ಲ, ಎಲ್ಲಾ ನೆನಪಿತ್ತು.”

ದೂರದಲ್ಲಿ ನೀರಿನ ಪೈಪಿನಿಂದ ನೀರು ಸುರಿಯುವ ಸದ್ದು. ಅಧಿಕಾರಿ ನಿಧಾನಕ್ಕೆ ಕೈ ಎತ್ತಿದರು.

“ಎಷ್ಟು ಬೆರಳು ಎತ್ತಿದ್ದೀರೋ ಗೊತ್ತಿಲ್ಲ ಮೇಡಂ. ಕೈ ಎತ್ತಿದ್ದೀರಿ ಅಂತ ಮಾತ್ರ ಗೊತ್ತು.”

ಧಡ್ ಎಂದು ಸದ್ದಾಯಿತು. ಸಿಳ್ಳೆ ಬಕೆಟ್ಟನ್ನು ನೆಲಕ್ಕೆ ಬಿಸಾಡಿದ್ದಳು. “ಮೂರು ವಾರ!” ಎಂದಳು. “ಮೂರು ವಾರದಿಂದ ನನಗೆ ನಿದ್ದೆ ಇಲ್ಲ. ಅತ್ತೆ ಮುಂದೆ, ಗಂಡನ ಮುಂದೆ ಕಳ್ಳಿ ಥರ ಓಡಾಡಿದೀನಿ. ನಿಜವಾಗ್ಲೂ ನಾನೇ ಮರೆತು ನೆಟ್ಟೆನಾ ಅಂತ ನನ್ನ ಮೇಲೇ ನನಗೆ ಅನುಮಾನ ಬಂದಿತ್ತು ಮೇಸ್ತ್ರೀ. ಅದಕ್ಕೇನ್ ಹೇಳ್ತೀರಿ?”

“ಹೇಳೋಕೆ ಏನೂ ಇಲ್ಲಮ್ಮಾ.”

ಅವಳು ಅಲ್ಲಿಂದ ಹೊರಟೇಹೋದಳು. ಗೇಟಿನವರೆಗೂ ಹೋದ ಹೆಜ್ಜೆ ಸದ್ದನ್ನು ಮೇಸ್ತ್ರಿ ಕೇಳಿಸಿಕೊಂಡರು. ಅಲ್ಲಿ ಅದು ನಿಂತಿತು. ಬಹಳ ಹೊತ್ತಿನ ಮೇಲೆ ಅದೇ ಬಿರುಸಿನಲ್ಲಿ ತಿರುಗಿ ಬಂತು. ಅವಳು ಯಾರ ಮುಖವನ್ನೂ ನೋಡದೆ ಆನೆಯ ಹೊಟ್ಟೆಯಡಿ ನುಗ್ಗಿ ಎಲೆಗಳನ್ನು ಮಗುಚತೊಡಗಿದಳು.

“ಇದೆ,” ಎಂದಳು. “ಇಲ್ಲೂ ಇದೆ. ಇಲ್ಲಿ ನಾಲ್ಕು.”

“ಬಣ್ಣ ಹೇಗಿದೆ?” ಎಂದರು ಮೇಸ್ತ್ರಿ.

“ಹಳದಿ. ಒಳಗೆ ಕಪ್ಪು ಚುಕ್ಕೆ ಕಾಣ್ತಿದೆ.”

“ಅದು ಮರಿಯ ತಲೆ. ನಾಳೆ ಬೆಳಿಗ್ಗೆಯೊಳಗೆ ಒಡೆಯುತ್ತೆ. ಮೇಡಂ, ಎಲ್ಲರನ್ನೂ ಈ ಸಾಲಿಗೆ ಹಾಕಿ. ಉಳಿದದ್ದು ಆಮೇಲೆ.”

ಅಧಿಕಾರಿ ಒಂದು ಕ್ಷಣ ಅವರನ್ನು ನೋಡಿದರು. ತಾವೂ ಕೋಟು ಕಳಚಿ ಬೇಲಿಯ ಮೇಲೆ ಹಾಕಿದರು.

ಸಂಜೆಯವರೆಗೆ ಏಳು ಮಂದಿ ಆನೆಯ ಎಲೆಗಳನ್ನು ಮಗುಚಿದರು. ಮೊಟ್ಟೆ ಇದ್ದ ಎಲೆಗಳನ್ನು ಕಿತ್ತು ಸೋಪಿನ ನೀರಿಗೆ ಹಾಕಿದರು. ನೂರ ಎಂಬತ್ತರವರೆಗೆ ಎಣಿಸಿ ಆಮೇಲೆ ಬಿಟ್ಟರು. ಸೊಂಡಿಲಿನ ತುದಿ, ಎಡಗಿವಿ ಕೈ ತೂರಲಾಗದಷ್ಟು ಒತ್ತಾಗಿದ್ದವು. ಅಲ್ಲಿ ಏನು ಮಾಡುವುದೆಂದು ಕೇಳಿದಾಗ ಮೇಸ್ತ್ರಿ ತಮ್ಮ ಕತ್ತರಿ ತರಿಸಿಕೊಂಡರು. ಮೂವತ್ತೊಂದು ವರ್ಷ ಸಾಕಿದ ಕಿವಿಯನ್ನೂ ಸೊಂಡಿಲನ್ನೂ ನಾಲ್ಕೇ ಏಟಿಗೆ ಬುಡದಿಂದ ಕತ್ತರಿಸಿ ಕೆಳಗೆ ಹಾಕಿದರು.

ಪುಡಿ ಕಲಸಿದ ನೀರನ್ನು ಮಾರನೆಯ ಸಂಜೆ ಹೊಡೆಯಬೇಕಿತ್ತು. ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ. ಮಧ್ಯಾಹ್ನದಿಂದ ಮೋಡ ಕವಿಯಿತು. ಮೇಸ್ತ್ರಿ ಮುಖ ಮೇಲೆತ್ತಿ ಗಾಳಿಯ ವಾಸನೆ ಹಿಡಿಯುತ್ತಾ ನಿಂತರು. ಸಿಳ್ಳೆ ಬೆನ್ನಿಗೆ ಪಂಪು ಕಟ್ಟಿಕೊಂಡು ತಯಾರಾಗಿದ್ದಳು. ಎಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಮರಿಗಳು ಹರಿದಾಡುತ್ತಿವೆ ಎಂದು ಅವಳೇ ಹೇಳಿದ್ದಳು.

“ಹೊಡೀಲಾ, ಕಾಯಲಾ?” ಎಂದಳು. ಆ ದಿನ ಅವಳು ಅವರೊಡನೆ ಆಡಿದ ಎರಡನೆಯ ಮಾತು ಅದು.

ಈಗ ಹೊಡೆದು ಮಳೆ ಬಂದರೆ ಇದ್ದ ಪುಡಿಯೆಲ್ಲ ಮಣ್ಣುಪಾಲು. ಹೊಸದು ಬರಲು ಐದು ದಿನ. ಕಾದರೆ ಮರಿಗಳು ಎಲೆಯ ಒಳಸಂದಿಗೆ ಸೇರಿಕೊಳ್ಳುತ್ತವೆ.

“ಕಾಯಿ,” ಎಂದರು ಮೇಸ್ತ್ರಿ.

ಮಳೆ ಅರ್ಧ ಗಂಟೆ ಸುರಿಯಿತು. ಶೆಡ್ಡಿನಲ್ಲಿ ಏಳು ಮಂದಿ ನಿಂತಿದ್ದರು. ಮಳೆ ನಿಂತ ಮೇಲೆ ಬೀದಿಯ ಕಡೆಯಿಂದ ಒಣ ಗಾಳಿ ಬೀಸಿತು. ಎಲೆಯಿಂದ ನೀರು ಇಳಿಯಲು ಇನ್ನೊಂದು ಗಂಟೆ. ಬೆಳಕು ಆರುವ ಮುಂಚೆ ಕೊನೆಯ ಹನಿ ಖಾಲಿಯಾಗುವವರೆಗೂ ಸಿಳ್ಳೆ ಆನೆಯನ್ನೂ ಮೊಲವನ್ನೂ ನಡುವಿನ ಬೇಲಿಯನ್ನೂ ತೋಯಿಸಿದಳು. ಎಲೆಯ ಕೆಳಗೆ, ಕೆಳಗಿನಿಂದ ಮೇಲಕ್ಕೆ, ಮೇಸ್ತ್ರಿ ಹೇಳಿದಂತೆ.

ಮೂರು ದಿನ ಯಾರಿಗೂ ಏನೂ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಅವಳು ಒಂದು ಎಲೆ ತಂದು ಅಧಿಕಾರಿಯ ಮೇಜಿನ ಮೇಲಿಟ್ಟಳು. ಮರಿಗಳು ಕಪ್ಪಾಗಿ, ಮೆತ್ತಗಾಗಿ ನೂಲಿಗೆ ನೇತಾಡುತ್ತಿದ್ದವು. ಒಂಟೆಯ ಸಾಲಿನಲ್ಲಿ ಒಂದಿಷ್ಟು ಹುಳು ಉಳಿದು ಬೆನ್ನಿನ ಡುಬ್ಬವನ್ನು ತಿಂದುಹಾಕಿದವು. ಅದು ಆ ಬೇಸಿಗೆಯೆಲ್ಲ ಸವಾರ ಇಳಿದುಹೋದ ಕುದುರೆಯಂತೆ ಕಾಣುತ್ತಿತ್ತು. ಉಳಿದವು ಉಳಿದುಕೊಂಡವು.

ಸಿಳ್ಳೆಯ ಮೇಲಿದ್ದ ದೂರನ್ನು ಅಧಿಕಾರಿ ಹಿಂದಕ್ಕೆ ಪಡೆದರು. ಬೇಸಿಗೆಯ ಕೊನೆಗೆ ಅವಳ ಕೆಲಸ ಕಾಯಂ ಆಯಿತು. ಹೊರಗಿನಿಂದ ಬಂದ ಗಿಡಗಳನ್ನು ನೋಡಿ ಒಪ್ಪಿಗೆ ಕೊಡುವ ಜವಾಬ್ದಾರಿಯೂ ಅವಳದೇ ಆಯಿತು. ಮೇಸ್ತ್ರಿಗೆ ಒಂದು ಕಟುವಾದ ಪತ್ರ ಬಂತು, ಕಡತದಲ್ಲಿ ಉಳಿಯುವಂಥದ್ದು. ಅದರ ಕೊನೆಯ ಸಾಲಿನಲ್ಲಿ, ಹದಿನೈದು ದಿನದೊಳಗೆ ಕಣ್ಣಿನ ವೈದ್ಯರ ಚೀಟಿ ತರದಿದ್ದರೆ ಕೆಲಸಕ್ಕೆ ಬರುವುದು ಬೇಡ ಎಂದಿತ್ತು. ಹೆಂಡತಿ ಅದನ್ನು ಎರಡು ಸಲ ಓದಿ ಹೇಳಿ, ತಾವೇ ಕೈಹಿಡಿದು ಕರೆದುಕೊಂಡು ಹೋದರು.

ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯೆ ದೀಪ ಬಿಟ್ಟು ನೋಡಿದರು, ಒತ್ತಡ ಅಳೆದರು, ನರ ನೋಡಿದರು.

“ಪೊರೆ,” ಎಂದರು. “ಎರಡೂ ಕಣ್ಣಿಗೆ. ಗಟ್ಟಿಯಾಗಿ ಬೆಳೆದಿದೆ. ತೆಗೆದು ಮಸೂರ ಹಾಕಿದ್ರೆ ಆಯ್ತು. ಇಷ್ಟು ದಿನ ಎಲ್ಲಿದ್ರಿ?”

“ನನ್ನ ಅಪ್ಪನಿಗೆ ಒತ್ತಡ ಏರಿ ನರ ಸತ್ತು...”

“ನಿಮ್ಮ ಅಪ್ಪಂದು ಬೇರೆ, ನಿಮ್ಮದು ಬೇರೆ.”

ಮೇಸ್ತ್ರಿಗೆ ಸಂತೋಷವಾಗಬೇಕಿತ್ತು. ಎರಡು ವರ್ಷ ಹೆದರಿದ್ದೂ, ಸುಳ್ಳು ಹೇಳಿದ್ದೂ, ಒಬ್ಬಳ ಬಾಳಿಗೆ ಕೊಳ್ಳಿಯಿಡಲು ಹೊರಟಿದ್ದೂ ಒಂದು ಮಧ್ಯಾಹ್ನದಲ್ಲಿ ಸರಿಹೋಗುವ ಪೊರೆಗಾಗಿ ಎಂದು ತಿಳಿದಾಗ ಕೋಣೆಯ ನಡುವೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಹೆಂಡತಿ ಸುಮ್ಮನೆ ಬೆನ್ನ ಮೇಲೆ ಕೈಯಿಟ್ಟರು.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ವಾರ ಅವರು ಉದ್ಯಾನಕ್ಕೆ ಹೋದರು. ಎಲೆ ಎಲೆಯಾಗಿ ಕಂಡ ಗಿಡಗಳನ್ನು ನೋಡುತ್ತಾ ನಡೆದರು. ಆಮೇಲೆ ಬಾತುಕೋಳಿಯ ಮುಂದೆ ನಿಂತು ಕಣ್ಣರಳಿಸಿದರು. ಒಂದು ರೆಕ್ಕೆ ಇನ್ನೊಂದಕ್ಕಿಂತ ಗೇಣುದ್ದ ಕೆಳಗಿತ್ತು. ಕೊಕ್ಕು ಬಾತುಕೋಳಿಯದೂ ಅಲ್ಲ, ಹದ್ದಿನದೂ ಅಲ್ಲ.

“ಇದನ್ನ ಎರಡು ವರ್ಷದಿಂದ ಹೀಗೇ ಕತ್ತರಿಸ್ತಿದ್ದೀನಾ?” ಎಂದು ಪೈಪು ಎಳೆಯುತ್ತಿದ್ದವನನ್ನು ಕೇಳಿದರು.

“ಹೊಸ ಜಾತಿ ಹಕ್ಕಿ ಇರಬೇಕು ಅಂದ್ಕೊಂಡಿದ್ವಿ ಮೇಸ್ತ್ರಿ,” ಎಂದ ಅವನು. “ನಿಮಗೆ ಹೇಳೋ ಧೈರ್ಯ ಯಾರಿಗಿತ್ತು?”

ಸಿಳ್ಳೆ ಆ ಮಾತಿಗೆ ನಗಲಿಲ್ಲ. ಅವಳು ಅವರನ್ನು ಕ್ಷಮಿಸಿದ್ದಳೆಂದು ಹೇಳಲಾಗದು. ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಒಂದು ಸಲ ಮೇಸ್ತ್ರಿ ತಪ್ಪಾಯಿತಮ್ಮಾ ಎಂದು ಎದುರಿಗೆ ನಿಂತಾಗ, “ಆಯ್ತು ಬಿಡಿ” ಎಂದಳು. ಆ ಎರಡು ಪದದ ತೂಕ ಎಷ್ಟೆಂದು ಅವರಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಹಕ್ಕೂ ತಮಗಿಲ್ಲವೆಂದು ಸುಮ್ಮನಾದರು.

ಶರತ್ಕಾಲದ ಕೊನೆಗೆ ಪತಂಗಗಳು ಮತ್ತೊಮ್ಮೆ ಹಾರಿದವು, ಈ ಸಲ ಬೆರಳೆಣಿಕೆಯ ಮಟ್ಟಿಗೆ. ಅವುಗಳ ಮರಿಗಳು ಸ್ವಲ್ಪ ತಿಂದು, ಚಳಿ ಬೀಳುತ್ತಲೇ ಎಲೆಗಳನ್ನು ಅಂಟಿಸಿಕೊಂಡು ಒಳಗೆ ಸೇರಿದವು. ಅವನ್ನು ಬಿಟ್ಟರೆ ಮುಂದಿನ ವಸಂತಕ್ಕೆ ಇದೇ ಕಥೆ ಮೊದಲಿನಿಂದ. ಹಾಗಾಗಿ ಚಳಿಗೆ ಎಲೆ ಗರಿಗರಿಯಾದ ಒಂದು ಬೆಳಿಗ್ಗೆ ಅಧಿಕಾರಿ ಮೇಸ್ತ್ರಿ, ಸಿಳ್ಳೆ ಇಬ್ಬರನ್ನೂ ಅವನ್ನು ಹುಡುಕಲು ಬಿಟ್ಟರು.

ಮೇಸ್ತ್ರಿ ಆನೆಯಿಂದ ಶುರು ಮಾಡಿದರು. ಹೊಸ ಕಣ್ಣು, ಹಳೆಯ ಕೈ. ಒಂದಕ್ಕೊಂದು ಬೆಸೆದ ಎಲೆ ಜೋಡಿ ಕಂಡಲ್ಲಿ ಕಿತ್ತು ಡಬ್ಬಿಗೆ ಹಾಕುತ್ತಾ ಹೋದರು. ಮೊದಲ ಗಿಡದಲ್ಲಿ ಹದಿನೇಳು ಸಿಕ್ಕವು. ಮುಗಿಯಿತು ಎಂದು ಅವರು ಎದ್ದಾಗ ಸಿಳ್ಳೆ ಬಂದು ಅದೇ ಗಿಡದ ಮುಂದೆ ಕೂತಳು. ಮರೆಮಾಚಲಿಲ್ಲ, ಸಬೂಬು ಹೇಳಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಎಲೆಯನ್ನು ತಾನೂ ಮಗುಚಿ ನೋಡತೊಡಗಿದಳು.

ಮೇಸ್ತ್ರಿಯ ಕೆನ್ನೆ ಬಿಸಿಯಾಯಿತು. ಅವರು ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತರು. ಅವಳು ಬುಡದ ಹತ್ತಿರದಿಂದ ಇನ್ನೊಂದು ಜೋಡಿ ಕಿತ್ತು ಕೈ ಚಾಚಿದಳು. ಅವರು ಡಬ್ಬಿ ಮುಂದೆ ಹಿಡಿದರು.

“ಹದಿನೆಂಟು,” ಎಂದಳು.

“ಹದಿನೆಂಟು,” ಎಂದರು ಅವರು.

ಅವಳು ನೋಡಿ ಮುಗಿಸಿ ಏಳುವವರೆಗೆ ಮೇಸ್ತ್ರಿ ಮುಂದಿನ ಗಿಡಕ್ಕೆ ಹೋಗಲಿಲ್ಲ.